ಜೂಜು ಬಿಡುವುದು ಹೇಗೆ? ಆಣೆ ಆಮೇಲೆ ಇಡಿ, ಮೊದಲು ದುಡ್ಡಿನ ದಾರಿ ಮುಚ್ಚಿ

ಯುಗಾದಿ ಮುಗಿದ ವಾರ, ಐಪಿಎಲ್ ಮುಗಿದ ವಾರ, ಕಬ್ಬಿನ ದುಡ್ಡು ಕೈಗೆ ಬಂದ ತಿಂಗಳು. ಈ ಮೂರು ಹೊತ್ತಿನಲ್ಲಿ ನನಗೆ ಒಂದೇ ಥರದ ಫೋನುಗಳು ಬರುತ್ತವೆ. "ಅಣ್ಣ, ಬುಟ್ಟಿದ್ದೆ. ಮತ್ತೆ ಆಡ್ಬುಟ್ಟೆ." ಮದ್ದೂರು ಕಡೆಯವರು, ಪಾಂಡವಪುರದವರು, ಮೈಸೂರಿನ ಹೆಬ್ಬಾಳದಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗುವ ಹುಡುಗರು. ನಾನೂ ಮೂರು ವರ್ಷ ಫೋನಿನಲ್ಲಿ ರಮ್ಮಿ ಆಡಿದವನೇ. ಬಿಡಲು ಹೋಗಿ ನಾಲ್ಕು ಸಲ ಸೋತಿದ್ದೇನೆ. ಅದಕ್ಕೇ ಇವರು ನನಗೆ ಫೋನ್ ಮಾಡುವುದು.

ಎಲ್ಲರೂ ಎಡವುವ ಜಾಗ ಒಂದೇ. ಮೊದಲು ದೇವಸ್ಥಾನಕ್ಕೆ ಹೋಗಿ ಆಣೆ ಇಡುತ್ತಾರೆ. ಆಮೇಲೆ ಮನೆಯವರು ಒಡವೆ ಇಟ್ಟು ಸಾಲ ತೀರಿಸುತ್ತಾರೆ. ಆಮೇಲೆ ಆಪ್ ಅಳಿಸುತ್ತಾರೆ. ಎಷ್ಟು ಹೋಯಿತು ಎಂಬ ಲೆಕ್ಕ ಮಾತ್ರ ಯಾರೂ ಬರೆಯುವುದಿಲ್ಲ. ಎರಡು ತಿಂಗಳಿಗೆ ಮತ್ತೆ ಶುರು. ಈಗ ಸಾಲವೂ ಇಲ್ಲವಲ್ಲ, ಹೊಸದಾಗಿ ಕೊಡಲು ಜನ ಸಿಗುತ್ತಾರೆ. ಆಣೆ ಇಡಬೇಡಿ ಅಂತ ನಾನು ಹೇಳುವುದಿಲ್ಲ. ಅದರ ಸರದಿ ಕೊನೆಗೆ ಬರಲಿ.

ಬೇಕಾದ ಸಾಮಾನು

ನೂರು ಪುಟದ ಒಂದು ನೋಟ್‌ಬುಕ್. ಎಂಟ್ರಿ ಹಾಕಿಸಿದ ಪಾಸ್‌ಬುಕ್, ಎಷ್ಟು ಖಾತೆ ಇದೆಯೋ ಅಷ್ಟೂ. ನಿಮ್ಮ ಫೋನು, ಕಾರ್ಡುಗಳು, ಪ್ಯಾನ್ ನಂಬರು. ಮತ್ತೆ ನೀವು ಸುಳ್ಳು ಹೇಳಲು ಹಿಂಜರಿಯುವ ಒಬ್ಬ ವ್ಯಕ್ತಿ. ಹೆಂಡತಿ, ಅಕ್ಕ, ಅಪ್ಪ, ಗೆಳೆಯ, ಯಾರಾದರೂ ಸರಿ. ಜೊತೆಗೆ ಆಡುತ್ತಿದ್ದ ಗೆಳೆಯ ಮಾತ್ರ ಬೇಡ. "ಇಬ್ರೂ ಒಟ್ಟಿಗೆ ಬುಡಾಣ" ಎಂದವರು ಒಟ್ಟಿಗೇ ವಾಪಸ್ ಹೋಗಿದ್ದನ್ನು ನೋಡಿದ್ದೇನೆ.

ಸಮಯ: ಮ್ಯಾಚ್ ಇಲ್ಲದ, ಸಂಬಳ ಬರದ ಒಂದು ಬೆಳಗ್ಗೆ.

ಹಂತ 1: ನೀವು ಯಾವ ಸಾಲಿನಲ್ಲಿದ್ದೀರಿ ನೋಡಿಕೊಳ್ಳಿ

ಹಬ್ಬಕ್ಕೆ ಇಸ್ಪೀಟು ಆಡುವವರೆಲ್ಲ ಚಟಗಾರರಲ್ಲ. ಆದರೆ ಜೂಜಿನ ಚಟ ಒಂದು ಕಾಯಿಲೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲೇ ಇದೆ. ಮನೋವೈದ್ಯರು ಒಂಬತ್ತು ಲಕ್ಷಣ ಕೇಳುತ್ತಾರೆ. ಮಜಾ ಬರಲು ಮೊದಲಿಗಿಂತ ಜಾಸ್ತಿ ದುಡ್ಡು ಹಾಕಬೇಕಾಗುತ್ತದಾ? ಕಮ್ಮಿ ಮಾಡಿದರೆ ಸಿಡಿಮಿಡಿಯಾ? ಬಿಡಲು ಹೋಗಿ ಪದೇ ಪದೇ ಆಗಲಿಲ್ಲವಾ? ಸದಾ ಅದೇ ಯೋಚನೆಯಾ? ಬೇಜಾರಾದಾಗಲೆಲ್ಲ ಆಡುತ್ತೀರಾ? ಹೋದದ್ದನ್ನು ಎತ್ತಿಕೊಳ್ಳಲು ಮಾರನೇ ದಿನ ಹೋಗುತ್ತೀರಾ? ಮುಚ್ಚಿಡಲು ಸುಳ್ಳು? ಕೆಲಸ, ಓದು, ಸಂಬಂಧಕ್ಕೆ ಕುತ್ತು? ಬಿಕ್ಕಟ್ಟಿನಿಂದ ಹೊರಬರಲು ಬೇರೆಯವರ ದುಡ್ಡು? ಒಂದು ವರ್ಷದೊಳಗೆ ಇದರಲ್ಲಿ ನಾಲ್ಕು ಕಂಡರೆ ಅದು ಕಾಯಿಲೆ.

ನನ್ನ ಅಳತೆ ಇನ್ನೂ ಗಿಡ್ಡ. ಹೋದದ್ದನ್ನು ಎತ್ತಲು ಹೋಗುವುದು, ಸುಳ್ಳು ಹೇಳುವುದು. ಇವೆರಡೂ ಇದ್ದರೆ "ಲಿಮಿಟ್ ಇಟ್ಕೊಂಡು ಆಡ್ತೀನಿ" ಎಂಬ ಮಾತು ನಿಮಗಲ್ಲ. ಪೂರ್ತಿ ನಿಲ್ಲಿಸಬೇಕು. ಎರಡೂ ಇಲ್ಲದವರು, ಮೇಲಿನ ಒಂಬತ್ತರಲ್ಲಿ ನಾಲ್ಕೂ ತುಂಬದವರು ನೇರವಾಗಿ ಹಂತ 8ಕ್ಕೆ ಹೋಗಬಹುದು.

"ಒಂದ್ಸಲ ಹೋದದ್ದು ಬಂದ್ಬುಟ್ರೆ ನಿಲ್ಲುಸ್ತೀನಿ" ಎನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. 100 ಕಟ್ಟಿ ಸೋತಿರಿ. ಎತ್ತಲು 200, ಆಮೇಲೆ 400, 800, 1600, 3200, 6400. ಏಳು ಸಲ ಸತತ ಸೋತರೆ ಹೋದದ್ದು 12,700. ಎಂಟನೇ ಸಲ 12,800 ಕಟ್ಟಿ ಗೆದ್ದರೂ ಉಳಿಯುವುದು ಮೊದಲು ಬಯಸಿದ ಆ 100 ರೂಪಾಯಿಯೇ. ಹೆಡ್ ಐದು ಸಲ ಬಿತ್ತು, ಇನ್ನು ಟೈಲ್ ಬೀಳಲೇಬೇಕು ಅಂತ ಜನ ಜಾಸ್ತಿ ಕಟ್ಟುತ್ತಾರೆ. ನಾಣ್ಯಕ್ಕೆ ಹಿಂದಿನದು ನೆನಪಿರುವುದಿಲ್ಲ. ಆರನೇ ಸಲವೂ ಅರ್ಧಕ್ಕರ್ಧವೇ.

ಹಂತ 2: ಅವತ್ತೇ ದುಡ್ಡಿನ ದಾರಿ ಮುಚ್ಚಿ

ಜಾಸ್ತಿ ಜನ ಹಾರಿಸುವ ಹಂತ ಇದು. ಆಪ್ ಅಳಿಸಿ ಕೈ ತೊಳೆದುಕೊಳ್ಳುತ್ತಾರೆ. ಅಳಿಸಿದ ಆಪ್ ಒಂದು ನಿಮಿಷದಲ್ಲಿ ವಾಪಸ್ ಬರುತ್ತದೆ. ರಾತ್ರಿ ಹನ್ನೆರಡಕ್ಕೆ ಖಾತೆಯಲ್ಲಿ ದುಡ್ಡು, ಕೈಯಲ್ಲಿ ಯುಪಿಐ ಇದ್ದರೆ ಮನಸ್ಸಿನ ಗಟ್ಟಿತನ ಏನೂ ಕೆಲಸಕ್ಕೆ ಬರುವುದಿಲ್ಲ.

ಈ ಸರದಿಯಲ್ಲಿ ಮಾಡಿ. ಮೊದಲು ಸಂಬಳ ಅಥವಾ ಕಬ್ಬಿನ ದುಡ್ಡು ಬರುವ ಖಾತೆ. ಸಾಮಾನಿನ ಪಟ್ಟಿಯಲ್ಲಿ ಹೇಳಿದೆನಲ್ಲ, ಆ ವ್ಯಕ್ತಿಯ ಜೊತೆ ಇಬ್ಬರ ಸಹಿಯೂ ಬೇಕು ಎಂಬ ಜಂಟಿ ಖಾತೆ ತೆರೆಯಿರಿ. ಇಂಥ ಖಾತೆಗೆ ಸಾಮಾನ್ಯವಾಗಿ ಯುಪಿಐ ಕೊಡುವುದಿಲ್ಲ, ಅದೇ ನಮಗೆ ಬೇಕಾದದ್ದು. ದುಡ್ಡು ಬಂದ ದಿನವೇ ಅಲ್ಲಿಗೆ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಬರೆದುಕೊಡಿ. "ಯಾವ ಥರದ ಜಂಟಿ ಖಾತೆ" ಅಂತ ಗುಮಾಸ್ತರು ಕೇಳಿದಾಗ "ಯಾರಾದರೊಬ್ಬರು ಸಹಿ ಮಾಡಿದರೆ ಸಾಕು" ಎನ್ನುವುದನ್ನು ಆರಿಸಬೇಡಿ. ಅದು ಬೀಗ ಹಾಕಿ ಕೀ ಬಾಗಿಲಲ್ಲೇ ಬಿಟ್ಟಂತೆ.

ಎರಡನೆಯದು ಕಾರ್ಡು. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಂತೆ ಡೆಬಿಟ್, ಕ್ರೆಡಿಟ್ ಕಾರ್ಡಿನ ಆನ್‌ಲೈನ್ ಬಳಕೆ ಮತ್ತು ವಿದೇಶಿ ಬಳಕೆಯನ್ನು ನೀವೇ ಬಂದ್ ಮಾಡಬಹುದು, ಮಿತಿ ಇಳಿಸಬಹುದು. ಎರಡನ್ನೂ ಬಂದ್ ಮಾಡಿ. ಕ್ರೆಡಿಟ್ ಕಾರ್ಡು ಮುಚ್ಚಿಸಿದರೆ ಇನ್ನೂ ಒಳ್ಳೆಯದು. ಎಟಿಎಂ ಕಾರ್ಡು ಮನೆಯವರ ಬಳಿ ಇರಲಿ.

ಮೂರನೆಯದು ಯುಪಿಐ. ಆಪಿನಲ್ಲಿ ಆಟೋಪೇ (ಖಾತೆಯಿಂದ ತಾನಾಗಿ ದುಡ್ಡು ಮುರಿಯುವುದು) ಎಂಬ ಜಾಗಕ್ಕೆ ಹೋಗಿ ಗೊತ್ತಿಲ್ಲದ್ದೆಲ್ಲ ರದ್ದು ಮಾಡಿ. ಆಮೇಲೆ ನಿಮ್ಮ ಖಾತೆಯನ್ನೇ ಯುಪಿಐಯಿಂದ ತೆಗೆಯಿರಿ. "ಟೀಗೆ, ಪೆಟ್ರೋಲಿಗೆ ಏನ್ಮಾಡ್ಲಿ?" ಅಂತ ಎಲ್ಲರೂ ಕೇಳುತ್ತಾರೆ. ಯುಪಿಐ ಸರ್ಕಲ್ ಎಂಬ ಅನುಕೂಲ ಇದೆ. ಮನೆಯವರು ತಮ್ಮ ಖಾತೆಯಿಂದ ನಿಮಗೆ ಖರ್ಚು ಮಾಡಲು ಬಿಡಬಹುದು, ತಿಂಗಳಿಗೆ ಹೆಚ್ಚೆಂದರೆ 15,000. ಒಂದೊಂದು ಪಾವತಿಗೂ ಅವರ ಒಪ್ಪಿಗೆ ಬೇಕು ಅಂತಲೂ ಇಡಬಹುದು. ನಾನು ಮೊದಲ ಆರು ತಿಂಗಳು ಬರೀ ನೋಟಿನಲ್ಲೇ ಬದುಕಿದೆ, ದಿನಕ್ಕೆ 150. ಮರ್ಯಾದೆ ಹೋದಂತೆ ಅನಿಸುತ್ತದೆ ನಿಜ. ಎರಡು ವಾರಕ್ಕೆ ಅಭ್ಯಾಸವಾಗುತ್ತದೆ.

ಇದೆಲ್ಲ ಮುಗಿದ ಮೇಲೆ ಆಪ್‌ಗಳು, ವಾಟ್ಸಾಪ್ ಮತ್ತು ಟೆಲಿಗ್ರಾಂ ಗುಂಪುಗಳು, ಬುಕ್ಕಿಯ ನಂಬರು. ಗುಂಪಿನಿಂದ ಬರೀ ಹೊರಬಂದರೆ ಸಾಲದು, ಸೇರಿಸಿದವನ ನಂಬರನ್ನೂ ಬ್ಲಾಕ್ ಮಾಡಿ. ಗೂಗಲ್‌ನ ಜಾಹೀರಾತು ಸೆಟ್ಟಿಂಗ್‌ನಲ್ಲಿ ಜೂಜಿನ ಜಾಹೀರಾತು ಕಮ್ಮಿ ತೋರಿಸು ಅಂತ ಹೇಳುವ ಆಯ್ಕೆ ಇದೆ. ಪ್ರಚಾರದ ಮೆಸೇಜು ನಿಲ್ಲಿಸಲು 1909ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಪಾಸಾಯಿತು. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದ ಅದರಲ್ಲಿಲ್ಲ. ಶಿಕ್ಷೆ ಇರುವುದು ಆಡಿಸುವವರಿಗೆ, ಜಾಹೀರಾತು ಕೊಡುವವರಿಗೆ. ಹಾಗಾಗಿ ಆಡಿ ಸೋತವರು ಹೆದರಿಕೊಂಡು ಮುಚ್ಚಿಡಬೇಕಾಗಿಲ್ಲ. ಆದರೆ ಈಗಲೂ ಯಾರಾದರೂ ಲಿಂಕ್ ಕಳಿಸಿ "ಇದು ನಡೀತದೆ" ಎಂದರೆ, ಅದು ಕಳ್ಳದಾರಿಯ ಆಪ್. ಗೆದ್ದರೂ ದುಡ್ಡು ಬಿಡಿಸಿಕೊಡಲು ಅಲ್ಲಿ ಯಾರೂ ಇರುವುದಿಲ್ಲ.

ಎಚ್ಚರಿಕೆಯ ಗುರುತು: "ಒಂದು ಖಾತೆ ಮಾತ್ರ ಎಮರ್ಜೆನ್ಸಿಗೆ ಇರ್ಲಿ" ಅಂತ ಮನಸ್ಸು ಹೇಳುತ್ತದೆ. ಆ ಖಾತೆಯಿಂದಲೇ ಮತ್ತೆ ಶುರುವಾಗುವುದು.

ಹಂತ 3: ಲೆಕ್ಕ ಬರೆಯಿರಿ, ಪೈಸೆ ಬಿಡದೆ

ನಾನು ಬ್ಯಾಂಕಿಗೆ ಹೋಗಿ ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿದೆ. ಯಂತ್ರ ಕರ್ ಕರ್ ಅಂತ ಒಂದು ಪುಟ ಮುಗಿಸಿ ಪುಟ ತಿರುಗಿಸಿ ಅಂದಿತು. ತಿರುಗಿಸಿದೆ. ಮತ್ತೆ ತಿರುಗಿಸು ಅಂದಿತು. ಹಿಂದೆ ನಿಂತಿದ್ದ ಅಜ್ಜಿ "ಅದೇನಪ್ಪ ಅಷ್ಟುದ್ದ ವ್ಯಾಪಾರ ನಿಂದು?" ಅಂದರು. ಮನೆಗೆ ಬಂದು ನೋಡಿದರೆ ಒಂದೇ ತಾರೀಖಿಗೆ 17 ಸಾಲು. 500, 500, 1000, 500, 2000. ಕೊನೆಯದು 300. ಅವತ್ತು ಖಾತೆಯಲ್ಲಿ ಅಷ್ಟೇ ಉಳಿದಿತ್ತು. ಅದರ ಕೆಳಗಿನ ಸಾಲು, ಮಗಳ ಸ್ಕೂಲ್ ವ್ಯಾನಿಗೆ ಅಂತ ನಮ್ಮಕ್ಕ ಹಾಕಿದ್ದ 1,200. ನಾನು ಕೇಳಿ ಹಾಕಿಸಿಕೊಂಡಿದ್ದು. ಅವತ್ತಿನವರೆಗೆ ನನ್ನ ತಲೆಯಲ್ಲಿ ಇದ್ದದ್ದು ಒಂದು ರಾತ್ರಿ 22,000 ಗೆದ್ದದ್ದು ಮಾತ್ರ.

ನೋಟ್‌ಬುಕ್‌ನ ಎಡಗಡೆ ಹೋದದ್ದು, ಬಲಗಡೆ ಬಂದದ್ದು. ಗೆದ್ದದ್ದನ್ನೂ ಬರೆಯಿರಿ. ಇಲ್ಲದಿದ್ದರೆ ಮನಸ್ಸು "ಅಷ್ಟೇನೂ ಹೋಗಿಲ್ಲ ಬುಡು, ಗೆದ್ದೂ ಇದೀನಲ್ಲ" ಅಂತ ತಕರಾರು ತೆಗೆಯುತ್ತದೆ. ಬಲಗಡೆಯ ಮೊತ್ತ ಕೂಡಿ ನೋಡಿದ ಮೇಲೆ ಆ ತಕರಾರು ನಿಲ್ಲುತ್ತದೆ.

ಆಮೇಲೆ ಇನ್ನೊಂದು ಪುಟ, ಸಾಲದ್ದು. ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಅವರ ಬಳಿ ನಿಮ್ಮದು ಏನಿದೆ (ಚೆಕ್ಕು, ಬಾಂಡ್ ಪೇಪರ್, ಗಾಡಿ ಆರ್‌ಸಿ, ಒಡವೆ). ಕೈಸಾಲ, ಚೀಟಿ, ಸಂಘದ ಸಾಲ, ಅಂಗಡಿ ಬಾಕಿ ಎಲ್ಲಾ. ಆಪ್‌ಗಳಲ್ಲಿ ತೆಗೆದ ಸಣ್ಣ ಸಾಲ ಮರೆತೇಹೋಗಿರುತ್ತದೆ. ಯಾರು ಎಲ್ಲೆಲ್ಲಿ ಸಾಲ ಮಾಡಿದ್ದಾರೆ ಅಂತ ದಾಖಲೆ ಇಡುವ ಸಿಬಿಲ್ ಥರದ ಸಂಸ್ಥೆಗಳು ವರ್ಷಕ್ಕೆ ಒಂದು ಪೂರ್ತಿ ವರದಿ ಪುಕ್ಕಟೆ ಕೊಡಲೇಬೇಕು. ಅದನ್ನು ತೆಗೆದರೆ ಬ್ಯಾಂಕು, ಫೈನಾನ್ಸ್ ಸಾಲಗಳು ಹೊರಬರುತ್ತವೆ.

ಹಂತ 4: ಮನೆಯಲ್ಲಿ ಹೇಳುವುದು, ಒಂದೇ ಸಲ

ಲೆಕ್ಕ ಬರೆಯುವ ಮೊದಲು ಹೇಳಬೇಡಿ. ಬರೆದ ಮೇಲೆ ತಡ ಮಾಡಬೇಡಿ. ಮಕ್ಕಳಿಲ್ಲದ ಹೊತ್ತು ನೋಡಿ ನೋಟ್‌ಬುಕ್ ಅವರ ಕೈಗೇ ಕೊಡಿ. ಮಾತು ತಡವರಿಸಿದರೂ ಪುಟ ತಡವರಿಸುವುದಿಲ್ಲ.

ನಾನು ಮಾಡಿದ ತಪ್ಪು ಹೇಳುತ್ತೇನೆ. ಲೆಕ್ಕ ಬರೆಯದೆ, ಬಾಯಲ್ಲಿ 2 ಲಕ್ಷದ 40 ಸಾವಿರ ಎಂದಿದ್ದೆ. ಇದ್ದದ್ದು 4 ಲಕ್ಷ 10 ಸಾವಿರ. "ಇನ್ನೂ ಏನಾರ ಇದ್ದದಾ? ಇದ್ರೆ ಈಗ್ಲೇ ಹೇಳ್ಬುಡಿ" ಅಂತ ನನ್ನ ಹೆಂಡತಿ ಕೇಳಿದಳು. ಇಲ್ಲ ಎಂದೆ. ಎರಡು ತಿಂಗಳಿಗೆ ಉಳಿದದ್ದು ಬಾಗಿಲಿಗೆ ಬಂತು. ಅವಳು ಕೂಗಾಡಲಿಲ್ಲ. "ದುಡ್ ಹೋಯ್ತು ಅಂತಲ್ಲ ಕಣ್ರೀ, ಅವತ್ತು ಎಲ್ಡ್ ಸಲ ಕೇಳಿದ್ನಲ್ಲಾ" ಅಂದಳು. ಆ ಸುಳ್ಳು ರಿಪೇರಿಯಾಗಲು ಸಾಲಕ್ಕಿಂತ ಜಾಸ್ತಿ ಕಾಲ ಹಿಡಿಯಿತು.

ಮನೆಯವರಿಗೆ ಒಂದು ಮಾತು. ಬಯ್ಯಿರಿ, ಅಳಿ, ಅದು ನಿಮ್ಮ ಹಕ್ಕು. ಆದರೆ ಮಾರನೇ ದಿನವೇ ಒಡವೆ ತೆಗೆದುಕೊಂಡು ಹೋಗಿ ಎಲ್ಲ ಸಾಲ ಒಂದೇ ಏಟಿಗೆ ತೀರಿಸಬೇಡಿ. ಅರ್ಧ ಎಕರೆ ಮಾರಬೇಡಿ. "ಹೆಂಗೂ ಅಪ್ಪ ಕಟ್ತಾರೆ" ಎಂಬ ನೆನಪು ಆಡುವವನ ತಲೆಯಲ್ಲಿ ಕೂತುಬಿಡುತ್ತದೆ. ತೀರಿಸಲು ಸಹಾಯ ಮಾಡುವುದಾದರೆ ದುಡ್ಡನ್ನು ಅವನ ಕೈಗೆ ಕೊಡದೆ ಸಾಲ ಕೊಟ್ಟವರಿಗೇ ಕೊಡಿ, ಕಂತಿನಲ್ಲಿ ಕೊಡಿ. ಮದುವೆ ಮಾಡಿದರೆ ಸರಿ ಹೋಗುತ್ತಾನೆ ಎನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಹಂತ 5: ಸಾಲಕ್ಕೆ ಸರದಿ ಕಟ್ಟಿ

ಜೋರಾಗಿ ಕೂಗುವವನಿಗೆ ಮೊದಲು ಕೊಡುವುದು ಎಲ್ಲರ ಅಭ್ಯಾಸ. ಅದು ತಪ್ಪು. ಮೊದಲು ಅಕ್ಕಿ, ಬಾಡಿಗೆ, ಕರೆಂಟು, ಮಕ್ಕಳ ಫೀಸು. ಆಮೇಲೆ ಅಡವಿಟ್ಟ ಒಡವೆಯ ಬಡ್ಡಿ, ಹರಾಜಿಗೆ ಹೋಗದಂತೆ. ಆಮೇಲೆ ಬ್ಯಾಂಕು, ಸೊಸೈಟಿ, ಸಂಘ. ಅಲ್ಲಿಗೆ ನೀವೇ ಹೋಗಿ ಕಂತು ಇಳಿಸಿ ಅವಧಿ ಹೆಚ್ಚಿಸಿ ಅಂತ ಕೇಳಿ. ಓಡಿ ತಲೆತಪ್ಪಿಸಿಕೊಳ್ಳುವವರಿಗಿಂತ ಬಂದು ಕೇಳುವವರ ಜೊತೆ ಅವರು ಚೆನ್ನಾಗಿ ಮಾತಾಡುತ್ತಾರೆ. ನೆಂಟರ ಕೈಸಾಲ ಕೊನೆಗೆ, ಆದರೆ ಪ್ರತಿಯೊಬ್ಬರಿಗೂ ಒಂದು ತಾರೀಖು ಹೇಳಿ.

ಮೀಟರ್ ಬಡ್ಡಿಯದು ಬೇರೆ ಕಥೆ. ದಿನದ ಲೆಕ್ಕದಲ್ಲಿ ಬಡ್ಡಿ ಏರುವ ಸಾಲ ಎಷ್ಟು ಕಟ್ಟಿದರೂ ತೀರುವುದಿಲ್ಲ. ಒಬ್ಬರೇ ಹೋಗಬೇಡಿ, ಊರಿನ ಹಿರಿಯರನ್ನು ಕರೆದುಕೊಂಡು ಹೋಗಿ. ಕೊಟ್ಟದ್ದಕ್ಕೆಲ್ಲ ಬರವಣಿಗೆ ಇರಲಿ, ಚೆಕ್ಕು ವಾಪಸ್ ಪಡೆಯಿರಿ. ವಿಪರೀತ ಬಡ್ಡಿ ತಡೆಯಲು ರಾಜ್ಯದಲ್ಲಿ 2004ರ ಕಾಯ್ದೆ ಇದೆ. ಸಾಲ ವಸೂಲಿಗೆ ಕಿರುಕುಳ ಕೊಡುವುದರ ವಿರುದ್ಧ 2025ರಲ್ಲಿ ಹೊಸ ಕಾನೂನೂ ಬಂದಿದೆ. ಬೆದರಿಕೆ ಬಂದರೆ 112. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ. ಮಂಡ್ಯ, ಮೈಸೂರು ಎರಡೂ ಕಡೆ ಕೋರ್ಟಿನ ಆವರಣದಲ್ಲೇ ವಿಚಾರಿಸಬಹುದು.

ಬುಕ್ಕಿಗೆ ಕೊಡಬೇಕಾದ ಬೆಟ್ಟಿಂಗ್ ಬಾಕಿ? 1872ರ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಬಾಜಿಯ ಕರಾರಿಗೆ ಬೆಲೆಯಿಲ್ಲ. ಆ ದುಡ್ಡಿಗೆ ಅವನು ಕೋರ್ಟಿಗೆ ಹೋಗಲಾರ. ಅದು ಅವನಿಗೂ ಗೊತ್ತು. ಅದಕ್ಕೇ ಖಾಲಿ ಚೆಕ್ಕು ಕೇಳುತ್ತಾನೆ. ಚೆಕ್ಕು ಕೊಟ್ಟ ಮೇಲೆ ಚೆಕ್ ಬೌನ್ಸ್ ಕೇಸು ಹಾಕಿ ಅಲೆದಾಡಿಸಬಹುದು. ಈಗಾಗಲೇ ಕೊಟ್ಟಿದ್ದರೆ ಸುಮ್ನೆ ಕೂರದೆ ವಕೀಲರನ್ನು ನೋಡಿ. ಸಾಲದ ಆಪಿನವರು ಫೋಟೋ ತಿರುಚಿ ನೆಂಟರಿಗೆಲ್ಲ ಕಳಿಸುತ್ತೇವೆ ಎಂದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು 1930ಕ್ಕೆ ದೂರು ಕೊಡಿ.

ಎಚ್ಚರಿಕೆಯ ಗುರುತು: ಒಂದು ಸಾಲ ತೀರಿಸಲು ಇನ್ನೊಂದು ಆಪಿನಲ್ಲಿ ಸಾಲ. ಇದು ಕಂಡರೆ ಹಂತ 2ಕ್ಕೆ ವಾಪಸ್ ಹೋಗಿ, ಏನೋ ಬಿಟ್ಟಿದ್ದೀರಿ.

ಹಂತ 6: ಮೊದಲ ಮೂರು ತಿಂಗಳು

ಮೊದಲ ಎರಡು ವಾರ ನಿದ್ದೆ ಬರುವುದಿಲ್ಲ, ಸಣ್ಣದಕ್ಕೂ ಸಿಟ್ಟು. ಇದು ಸಹಜ. ಸಂಜೆ ಏಳೂವರೆಗೆ ಮ್ಯಾಚ್ ಶುರುವಾಗುವ ಹೊತ್ತು, ಊಟವಾದ ಮೇಲೆ ಒಬ್ಬರೇ ಫೋನ್ ಹಿಡಿಯುವ ಹೊತ್ತು, ಸಂಬಳದ ದಿನ, ಚೀಟಿ ಎತ್ತಿದ ದಿನ, ಹೆಂಡತಿ ತವರಿಗೆ ಹೋದ ದಿನ. ಇವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ಹೊತ್ತಿಗೆ ಬೇರೆ ಕೆಲಸ ಇಟ್ಟುಕೊಳ್ಳಿ. ಆಸೆ ಬಂದರೆ ಅರ್ಧ ಗಂಟೆ ತಳ್ಳಿ. ಅಲೆಯಂತೆ ಏರಿ ಇಳಿಯುತ್ತದೆ. ನಾನು ಫೋನ್ ಮನೆಯಲ್ಲೇ ಬಿಟ್ಟು ನಾಲೆ ಏರಿಯ ಮೇಲೆ ನಡೆಯುತ್ತಿದ್ದೆ. ಮೊಬೈಲ್ ರಾತ್ರಿ ಅಡುಗೆಮನೆಯಲ್ಲಿ ಚಾರ್ಜಿಗೆ.

ಇಷ್ಟಕ್ಕೂ ಬಗ್ಗದಿದ್ದರೆ ವೈದ್ಯರ ಹತ್ತಿರ ಹೋಗಿ. ಬಗ್ಗಿದರೂ ಒಂದು ಸಲ ಹೋಗಿ ಎನ್ನುವವನು ನಾನು. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಆಸ್ಪತ್ರೆ ಎರಡರಲ್ಲೂ ಮನೋವೈದ್ಯ ವಿಭಾಗ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು, ಗೇಮಿನ ಚಟಕ್ಕೆಂದೇ ಶಟ್ ಎಂಬ ಕ್ಲಿನಿಕ್ 2014ರಿಂದ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. "ಡಾಕ್ಟ್ರು ಏನ್ ಮಾಡ್ತಾರೆ, ಮಾತ್ರೆ ಕೊಟ್ರೆ ಆಟ ಬುಡ್ತೀನಾ" ಅಂತ ನಾನೂ ನಕ್ಕಿದ್ದೆ. ಅವರು ಮಾತ್ರೆಗಿಂತ ಜಾಸ್ತಿ ಮಾತು ಕೊಟ್ಟರು. ಯಾವ ಯೋಚನೆ ಬಂದ ಮೇಲೆ ಕೈ ಫೋನಿಗೆ ಹೋಗುತ್ತದೆ ಎಂಬುದನ್ನು ಹಿಡಿಯಲು ಕಲಿಸಿದರು.

ಇದು ಮಾತ್ರ ತಡ ಮಾಡಬಾರದ್ದು: "ನಾನಿಲ್ದಿದ್ರೆ ನಿಮ್ಗೆ ಒಳ್ಳೇದು", "ಇನ್ಶೂರೆನ್ಸ್ ದುಡ್ಡಾದ್ರೂ ಬತ್ತದೆ" ಎನ್ನುವ ಮಾತು. ತಮಾಷೆ ಅಂತ ಬಿಡಬೇಡಿ. ಸಾಯುವ ಯೋಚನೆ ಇದೆಯಾ ಅಂತ ನೇರವಾಗಿ ಕೇಳಿ, ಕೇಳಿದರೆ ಯೋಚನೆ ಹುಟ್ಟುವುದಿಲ್ಲ. ಒಬ್ಬರನ್ನೇ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಬೇರೆ ಮನೆಗೆ ಸಾಗಿಸಿ. 14416 ಅಥವಾ 112ಕ್ಕೆ ಆಗಲೇ ಫೋನ್ ಮಾಡಿ.

ಹಂತ 7: ಜಾರಿದರೆ

ಅದೇ ದಿನ ಹೇಳಿ. 500 ಹೋಗಿದ್ದರೆ 500 ಅಂತ ನೋಟ್‌ಬುಕ್‌ನಲ್ಲಿ ಬರೆಯಿರಿ. "ಹೆಂಗೂ ಕೆಟ್ಟೆ, ಇವತ್ತೊಂದಿನ ಆಡ್ಬುಡಾಣ" ಎಂಬ ಯೋಚನೆ ಆ 500ಕ್ಕಿಂತ ದುಬಾರಿ. ಯಾವ ದಾರಿಯಿಂದ ದುಡ್ಡು ಹೋಯಿತು ನೋಡಿ, ಆ ದಾರಿ ಮುಚ್ಚಿ. ದೇವರ ಮುಂದೆ ಇಟ್ಟ ಆಣೆ ಮುರಿದವರು ಭಯಕ್ಕೆ ಮನೆಯಲ್ಲಿ ಹೇಳುವುದೇ ಇಲ್ಲ. ಆಣೆ ಮೊದಲೇ ಬೇಡ ಅಂದದ್ದು ಇದಕ್ಕೇ. ಮೂರು ತಿಂಗಳು ದಾಟಲಿ, ಆಮೇಲೆ ಬೆಟ್ಟ ಹತ್ತಿ.

ಹಂತ 8: ಚಟವಿಲ್ಲದೆ ಹಬ್ಬಕ್ಕೆ ಆಡುವವರಿಗೆ

ನಮ್ಮ ಕಡೆ ಯುಗಾದಿಯ ಮಾರನೇ ದಿನ, ಹೊಸ ತೊಡಕಿಗೆ ಮಾಂಸದೂಟ, ಆಮೇಲೆ ಹೊಂಗೆ ಮರದ ಕೆಳಗೆ ಇಸ್ಪೀಟು. ಹಬ್ಬ ಅಂತ ಕಾನೂನಿನಲ್ಲಿ ರಿಯಾಯಿತಿ ಇಲ್ಲ. ದುಡ್ಡು ಇಟ್ಟು ಅಂದರ್ ಬಾಹರ್ ಆಡಿದರೆ 1963ರ ಪೊಲೀಸ್ ಕಾಯ್ದೆಯಲ್ಲಿ ಕೇಸು ಬೀಳುತ್ತದೆ. ಚಾಮುಂಡಿ ಬೆಟ್ಟದ ಬುಡದ ರೇಸ್ ಕೋರ್ಸಿನಲ್ಲಿ ಕುದುರೆ ಮೇಲೆ ಕಟ್ಟುವುದು ಕಾನೂನುಬದ್ಧ. ಆದರೆ ಅಲ್ಲಿ ಟೋಟ್‌ನವರು (ಬಾಜಿ ದುಡ್ಡನ್ನೆಲ್ಲ ಒಟ್ಟು ಮಾಡುವವರು) ಎಲ್ಲರ ದುಡ್ಡಿನಿಂದ ತಮ್ಮ ಕಮಿಷನ್ ಮೊದಲು ಮುರಿದುಕೊಂಡೇ ಉಳಿದದ್ದನ್ನು ಗೆದ್ದವರಿಗೆ ಹಂಚುವುದು.

ಲಾಟರಿ ಕರ್ನಾಟಕದಲ್ಲಿ 2007ರಿಂದ ಇಲ್ಲ, ಕೇರಳದಲ್ಲಿದೆ. 2024ರ ಓಣಂ ಬಂಪರ್ 25 ಕೋಟಿ ನಮ್ಮ ಮಂಡ್ಯ ಜಿಲ್ಲೆಯವರಿಗೇ ಹೊಡೆದಾಗ ಟೀ ಅಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಆ ಸಲ 500 ರೂಪಾಯಿಯ ಟಿಕೆಟ್ ಮಾರಾಟವಾಗಿದ್ದು 70 ಲಕ್ಷಕ್ಕೂ ಜಾಸ್ತಿ. ಉಳಿದವರ ಬಗ್ಗೆ ಟೀ ಅಂಗಡಿಯಲ್ಲಿ ಯಾರೂ ಮಾತಾಡಲಿಲ್ಲ, ಅಲ್ವಾ?

ಆಡುವುದೇ ಆದರೆ, ಕೂರುವ ಮೊದಲು ಏಳುವ ಹೊತ್ತು ಗೊತ್ತು ಮಾಡಿ. ಹೋದರೂ ನಿದ್ದೆ ಕೆಡದಷ್ಟು ನೋಟು ಅಂಗಿ ಜೇಬಿನಲ್ಲಿಟ್ಟು ಪರ್ಸು, ಫೋನು ಮನೆಯಲ್ಲಿ ಬಿಡಿ. ಕುಡಿದು ಕೂರಬೇಡಿ. ಆಟದ ಜಾಗದಲ್ಲಿ ಸಾಲ ಕೊಡಬೇಡಿ, ತಗೋಬೇಡಿ. ಗೆದ್ದ ದುಡ್ಡನ್ನು ಬೇರೆ ಜೇಬಿಗೆ ಹಾಕಿ, ಮತ್ತೆ ಹೊರಗೆ ತೆಗೆಯಬೇಡಿ. ಗೆಲ್ಲುವಾಗ ಎದ್ದರೆ "ದುಡ್ ಹೊಡ್ಕಂಡ್ ಓಡ್ತಾವ್ನೆ" ಅನ್ನುತ್ತಾರೆ. ಅನ್ನಲಿ. ಏಳಬೇಕಾದ ಹೊತ್ತಿಗೆ "ಇನ್ನೊಂದೇ ಆಟ" ಅಂತ ಮೂರು ಸಲ ಬಾಯಿಂದ ಬಂದರೆ ನೀವು ಹಂತ 1ಕ್ಕೆ ವಾಪಸ್ ಬಂದು ಪ್ರಶ್ನೆಗಳನ್ನು ಮತ್ತೆ ಓದಬೇಕು.

ನಾನಂತೂ ಆ ಮರದ ಕಡೆ ಹೋಗುವುದಿಲ್ಲ. ಹೋದ ಹೊಸ ತೊಡಕಿಗೆ ಜಗಲಿಯ ಮೇಲೆ ಮಗಳ ಜೊತೆ ಹುಣಸೆ ಬೀಜ ಇಟ್ಟುಕೊಂಡು ಚೌಕಾಬಾರ ಆಡುತ್ತಿದ್ದೆ. ಹಣ್ಣಾಗಲು ಒಂದೇ ಮನೆ ಇದ್ದ ನನ್ನ ಕಾಯಿಯನ್ನು ಅವಳು ಕಡಿದಳು. "ಇನ್ನೊಂದಾಟ" ಅಂತ ಬಾಯಿಗೆ ಬಂದೇಬಿಟ್ಟಿತು. ಒಳಗಿಂದ ನನ್ನ ಹೆಂಡತಿ ತಲೆ ಹೊರಗೆ ಹಾಕಿ ನೋಡಿದಳು. ಎದ್ದು ಹೋಗಿ ಪಾತ್ರೆ ತೊಳೆದೆ.